ಅಮರನಾಥನಿಗೊಂದು ಬಿನ್ನವತ್ತಳೆ

ಸದ್ದೇ ಮಾಡದ ಗಂಟೆ ಆಡಿಸಿ ಪೂಜೆ ಮುಗಿಸುವ ಗಂಡಸು ಇಡೀ ಹಾಸನಕ್ಕೆ ಒಬ್ಬನೇ. ಅಮರನಾಥನ ದೇವರಗೂಡಿನ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದೆ. ಇದರ ಸುತ್ತ ಸಾಲಗಾಮೆ ರಸ್ತೆಯ ಬೀದಿಯಲ್ಲಿ ಪುರಾಣಗಳೇ ಹುಟ್ಟಿಕೊಂಡವು. ಅವನ ದೇವರ ನಿದ್ದೆ ಕೆಡಬಾರದಂತೆ. ಬಟ್ಟೆ ಬಿಚ್ಚಿ ಬಾರಿಸಿದರೆ ಗೊರೂರು ಅಣೆಕಟ್ಟೆಯೇ ಬಿರಿಯುತ್ತದಂತೆ. ಎದುರುಮನೆ ಪುಟ್ಟತಾಯಮ್ಮ ಆ ಗಂಟೆಗೆ ತನ್ನ ಎಮ್ಮೆ ಕಿವಿ ನಿಮಿರಿಸಿದ್ದನ್ನು ಕಣ್ಣಾರೆ ಕಂಡಿದ್ದಳು.

ಅಮರನಾಥ ಪಾಕಿಸ್ತಾನದ ಸಿಂಧ್ ಪ್ರಾಂತ್ಯದವನು. ಯಾತ್ರೆಯ ವೀಸಾದಲ್ಲಿ ಹರಿದ್ವಾರಕ್ಕೆ ಬಂದವನು ವಾಪಸು ಹೋಗದೆ, ಬಂಧುವಿನ ಜವಳಿ ಅಂಗಡಿ ಹುಡುಕಿಕೊಂಡು ಹಾಸನ ಸೇರಿದ. ಎಂಟು ವರ್ಷದಿಂದ ಕಟ್ಟಾಯದ ಕಡೆ ಸ್ಕೂಟರಿನಲ್ಲಿ ಬೆಡ್‌ಶೀಟು ಮಾರುತ್ತಾನೆ. ಅವನಿಗೆ ಕನ್ನಡ ಕಲಿಸಿದವರು ಚೌಕಾಸಿ ಮಾಡುವ ಹೆಂಗಸರು. "ಬಣ್ಣ ಓದ್ರೆ ನನ್ನೆಸ್ರೇ ಬದಲಾಯಿಸ್ಬುಡಿ ಕಣಕ್ಕಾ!" ಎನ್ನುತ್ತಾನೆ. ಬೈಕುಗಳು ಗುಂಪಾಗಿ ಬಂದರೆ ಮಾತ್ರ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅವು ದಾಟಿಹೋದ ಮೇಲೆಯೇ ಬೆಲೆ ಹೇಳುತ್ತಾನೆ.

ಇಲ್ಲಿರಲು ಕೊಟ್ಟ ಅನುಮತಿ ಸೋಮವಾರಕ್ಕೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸಬೇಕಾದರೆ ಅಲ್ಲಿ ಏನಾಯಿತೆಂದು ವಿವರವಾಗಿ ಬರೆದುಕೊಡಬೇಕು. ಅಮರನಾಥ ಕೊಟ್ಟದ್ದು ಒಂದೇ ಸಾಲು: ಧರ್ಮದ ಕಾರಣಕ್ಕೆ ತೊಂದರೆ ಆಯಿತು. ವಿದೇಶಿಯರ ನೋಂದಣಿ ಕಚೇರಿಯವರು ಹಾಳೆಯನ್ನು ಹಿಂದಕ್ಕೆ ಕೊಟ್ಟರು.

"ಏನಾಯ್ತು ಹೇಳ್ಲಾ," ಎಂದರು ಮನೆ ಮಾಲೀಕ ಪಾಲಾಕ್ಷ ಮೇಷ್ಟ್ರು.

"ಗಂಟೆ ಸದ್ದು ಕೇಳ್ಕಂಡು ಬೈಕಲ್ಲಿ ಬಂದ್ರು ಮೇಷ್ಟ್ರೇ." ಅಷ್ಟೇ. ಮಡಿಸಿಟ್ಟ ಬೆಡ್‌ಶೀಟನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದ.

ಪಾಲಾಕ್ಷ ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಬಿನ್ನವತ್ತಳೆ ಬರೆಯುವುದರಲ್ಲಿ ಅವರದು ಮೂರು ತಾಲ್ಲೂಕಿಗೆ ಎತ್ತಿದ ಕೈ. ನಿವೃತ್ತನಾಗುವ ಒಬ್ಬ ಗುಮಾಸ್ತನನ್ನೂ 'ಕಲಿಯುಗ ಕರ್ಣ' ಎನ್ನದೆ ಮನೆಗೆ ಕಳಿಸಿದವರಲ್ಲ. ಖಾಲಿ ಹಾಳೆ ಕಂಡದ್ದೇ ಅವರ ಪೆನ್ನು ಬುಸುಗುಟ್ಟಿತು. 'ಸಿಂಧೂತೀರದ ಸಿಂಹನಾದ ಅಮರನಾಥನು ದೊಣ್ಣೆಯೊಂದನ್ನೇ ಹಿಡಿದು, ನಲವತ್ತು ಮಂದಿ ದುರುಳರನ್ನು ಮನೆಯ ಹೊಸ್ತಿಲಲ್ಲೇ ತಡೆದು...' ಕನ್ನಡ ಓದಲು ಬಾರದ ಸಿಂಹ ನಂಬಿಕೆಯಿಂದ ರುಜು ಹಾಕಿತು.

ಕಚೇರಿಯಲ್ಲಿ ಅಧಿಕಾರಿ ಪ್ರತಿಭಾ ಮೇಡಂ ಹಾಳೆಯನ್ನು ಎರಡು ಸಲ ಓದಿದರು.

"ಮೇಷ್ಟ್ರೇ, ಇದು ಪ್ರಮಾಣ ಮಾಡಿ ಕೊಡೋ ಹೇಳಿಕೆ. ಒಂದು ಸುಳ್ಳು ಸಿಕ್ಕಿದ್ರೂ ಅರ್ಜಿ ಬಿದ್ದುಹೋಗುತ್ತೆ. ಇವರು ವಾಪಸು ಹೋಗಬೇಕಾಗುತ್ತೆ."

ಮೇಷ್ಟ್ರು ಬಗ್ಗಿ ತಮ್ಮ ಬರಹವನ್ನೇ ನೋಡಿದರು. ನಲವತ್ತು ಅನ್ನುವ ಬದಲು ನಾಲ್ಕು ಅಂದಿದ್ದರೆ ಏನು ಗಂಟು ಹೋಗುತ್ತಿತ್ತು? "ಏನ್ ಕೇಳಿದ್ರೂ ಹೂಂ ಅಂದ್ಬುಡ್ಲಾ," ಎಂದು ಅಮರನಾಥನಿಗೆ ಮೀಸೆಯೊಳಗೇ ಪಿಸುಗುಟ್ಟಿದರು.

ಪ್ರತಿಭಾ ಮೇಡಂ ಇನ್ನೊಂದು ಬಿಳಿ ಹಾಳೆ ತೆಗೆದು ಮುಂದಿಟ್ಟುಕೊಂಡರು. ಮೇಷ್ಟ್ರು ಬರೆದದ್ದನ್ನು ಅವನಿಗೆ ನಿಧಾನವಾಗಿ ಓದಿ ಹೇಳಿ ಕೇಳಿದರು: "ಅಮರನಾಥ್, ಹೊಸ್ತಿಲಲ್ಲಿ ನಿಂತು ತಡೆದದ್ದು ನೀವೇನಾ?"

"ಅಲ್ಲ ಮೇಡಂ. ಅದು ನನ್ ತಮ್ಮ. ನಾನು ಮಂಚದ ಕೆಳಗಿದ್ದೆ."