ಬಾಗಿಲಲ್ಲಿ ನಿಲ್ಲುವವಳ ಉಡುಪು

ತೋಳು ಮಡಚಿದಾಗ ತೆಳು ಕುರ್ತಾಕ್ಕೆ ಮೊಣಕೈಯ ಒಳಬದಿಯಲ್ಲಿ ನಾಲ್ಕೈದು ಸಣ್ಣ ಸುಕ್ಕು ಬೀಳುತ್ತವೆ. ಮೇಲೊಂದು ಡೆನಿಮ್ ಜಾಕೆಟ್ ಇದ್ದರೆ ಎರಡೇ, ಆದರೆ ದಪ್ಪ. ಇದನ್ನು ನಾನು ಕಲಿತದ್ದು ಚಿತ್ರಕಲಾ ಶಾಲೆಯಲ್ಲಲ್ಲ, ಡೊಂಬಿವಲಿಯಿಂದ ಥಾಣೆಗೆ ಹೋಗುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ. ಅಲ್ಲಿ ಎಲ್ಲರೂ ಒಂದು ಕೈ ಎತ್ತಿ ನಿಂತಿರುತ್ತಾರೆ, ಯಾರಿಗೂ ಅಲುಗಾಡಲು ಜಾಗವಿಲ್ಲ. ಇಷ್ಟು ಶಿಸ್ತಿನ ಮಾದರಿಗಳು ಯಾವ ಕಲಾವಿದನಿಗೆ ಸಿಕ್ಕಾರು? ಬಿಸಿಲಿಗೆ ಕೋಟು, ಆಫೀಸಿನ ಏಸಿಗೆ ಸ್ವೆಟರು, ಧೂಳಿಗೆ ದುಪಟ್ಟಾ. ಉಳಿದ ಪದರಗಳಿಗೆ ಅವರವರ ಕಾರಣವಿರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ನಾನು ಟ್ಯಾಬ್ಲೆಟ್ಟಿನಲ್ಲಿ ಅನಿಮೆ ಎಂಬ ಜಪಾನಿ ಕಾರ್ಟೂನು ಶೈಲಿಯ ಹೆಂಗಸರನ್ನು ಬರೆಯುತ್ತೇನೆ. ಐರೋಲಿಯ ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. ಬಹುಕಾಲ ನನ್ನ ನಾಯಕಿಯರು ಮೇಜಿನ ಹಿಂದೆಯೋ ಹೂಕುಂಡದ ಹಿಂದೆಯೋ ನಿಂತಿರುತ್ತಿದ್ದರು. ಕಾರಣ ಕಾವ್ಯಮಯವೇನಲ್ಲ, ನನಗೆ ಪಾದ ಬರೆಯಲು ಬರುತ್ತಿರಲಿಲ್ಲ. ಕೋಪರಿಯಲ್ಲಿ ಹೋಟೆಲು ನಡೆಸುವ ನನ್ನ ಸೋದರಮಾವ, ಕಾಲೇಜಿನವರು ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವಂಥ ಆಳೆತ್ತರದ ಒಂದು ಕಟೌಟ್ ಗೊಂಬೆ ಬಾಗಿಲಿಗೆ ಬೇಕೆಂದಾಗ ಪಾದ ಕಲಿಯಲೇಬೇಕಾಯಿತು.

ಬರೆದೆ. ನನ್ನದೇ ವಯಸ್ಸಿನವಳು, ಕೆಲಸಕ್ಕೆ ಹೊರಟವಳು: ಒಳಗೊಂದು ಬನಿಯನ್, ಮೇಲೆ ಉದ್ದ ಕುರ್ತಾ, ಅದರ ಮೇಲೆ ಜಾಕೆಟ್. ಇಂಥ ಚಿತ್ರದಲ್ಲಿ ಮೊದಲು ಮೈಯನ್ನೇ ಬರೆಯಬೇಕು. ಇಲ್ಲವಾದರೆ ಬಟ್ಟೆ ಹ್ಯಾಂಗರಿಗೆ ತೂಗುಹಾಕಿದಂತೆ ಕಾಣುತ್ತದೆ. ಆಮೇಲೆ ಒಂದೊಂದು ಉಡುಪೂ ಪಾರದರ್ಶಕ ಹಾಳೆಯಂಥ ಒಂದೊಂದು ಪದರದ ಮೇಲೆ ಕೂರುತ್ತದೆ. ತಳದ ಮೈ ಬರೆದವಳಿಗೆ ಮಾತ್ರ ಗೊತ್ತು. ಈ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ.

ಆಫೀಸು ಮುಗಿಸಿ ಮಾವನಿಗೆ ತೋರಿಸಲು ಹೋದೆ. ಗಲ್ಲಾದಲ್ಲಿ ಕುಳಿತೇ ನೋಡಿದರು.

"ಎಂತ ಮಾರಾಯ್ತಿ, ಇವಳಿಗೆ ಚಳಿಜ್ವರವಾ? ಇಂಟರ್ನೆಟ್ಟಲ್ಲಿ ಇಂಥವರು ಹೀಗೆಲ್ಲಾ ಇರುದಿಲ್ಲಪ್ಪ."

ಅಷ್ಟರಲ್ಲಿ ಅವರ ಹೆಬ್ಬೆರಳು ಪದರಗಳ ಪಟ್ಟಿಗೆ ತಾಗಿತು. ಪ್ರತಿ ಪದರದ ಪಕ್ಕ ಒಂದು ಕಣ್ಣಿನ ಗುರುತು. ಒತ್ತಿದರೆ ಆ ಪದರ ಮಾಯ. ಜಾಕೆಟ್ ಹೋಯಿತು. ಮಾವನಿಗೆ ಹೊಸ ಆಟಿಕೆ ಸಿಕ್ಕಂತಾಯಿತು. "ಅರೇ, ಇದು ಈಝಿ ಉಂಟಲ್ಲ" ಎನ್ನುತ್ತಾ ಮತ್ತೊಮ್ಮೆ ಒತ್ತಿದರು. ಕುರ್ತಾ ಹೋಯಿತು. ಬಿಲ್ಲು ಕೊಡಲು ನಿಂತಿದ್ದ ಗಿರಾಕಿಯೊಬ್ಬ ಬಗ್ಗಿ ನೋಡಿದ. ಹೆಬ್ಬೆರಳು ಇನ್ನೂ ಕೆಳಗೆ ಇಳಿಯುವಷ್ಟರಲ್ಲಿ ನಾನು ಟ್ಯಾಬ್ಲೆಟ್ ತೆಗೆದುಕೊಂಡೆ. ಕಸಿದುಕೊಂಡೆ ಎಂದು ಮಾವ ಅಮ್ಮನಿಗೆ ಹೇಳಿದ್ದಾರೆ, ಇರಬಹುದು.

"ಚಿತ್ರ ಅಲ್ವನಾ ಅದು? ನಿಂಗೆ ಯಾಕೆ ನಾಚಿಕೆ?"

"ನಾಚಿಕೆ ಅಲ್ಲ ಮಾವ. ನಿಮ್ಮ ಬಾಗಿಲಲ್ಲಿ ಅವಳು ನಿಂತ್ರೆ ಹೀಗೇ ನಿಲ್ಲೋದು. ಇಲ್ಲಾಂದ್ರೆ ನಿಲ್ಲೋದಿಲ್ಲ."

ಮಾವ ಕೋಪಿಸಿಕೊಳ್ಳಲಿಲ್ಲ. ಫೈಲು ಕಳಿಸಿಬಿಡು, ಜಾಕೆಟ್ ಬೇಕೋ ಬೇಡವೋ ಪ್ರಿಂಟಿಂಗಿನವನು ನೋಡಿಕೊಳ್ಳುತ್ತಾನೆ ಎಂದು ನಗುತ್ತಾ ಚಹಾ ತರಿಸಿದರು.

ಮನೆಯಲ್ಲಿ ಅಮ್ಮನದು ಸಂಧಾನದ ಮಾತು: ಮಾವನ ಹೋಟೆಲು, ಮಾವನ ಬಾಗಿಲು, ಬಣ್ಣದ ಗೊಂಬೆಗೆ ಯಾಕೆ ಜಗಳ? ನಾನು ವಾದಿಸಲಿಲ್ಲ; ವಾದ ನನ್ನ ಕೈಲಾಗುವ ಕೆಲಸವಲ್ಲ. ಆದರೆ ಯೋಚಿಸಿದೆ. ಗೊಂಬೆಗೆ ಬಾಯಿಲ್ಲವೆಂಬುದು ಅದರ ಜಾಕೆಟ್ ಬಿಚ್ಚಲು ಕಾರಣವಾಗುವುದಾದರೆ, ನನ್ನಂಥ ಮಿತಭಾಷಿಯ ಗತಿಯೇನು? ಸೆಖೆಗೆ ಮೈಮೇಲೆ ಇಷ್ಟೆಲ್ಲಾ ಯಾಕೆ ಎಂದು ನನ್ನನ್ನೂ ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ.

ಮರುದಿನ ಬೆಳಿಗ್ಗೆ ಚಹಾಕ್ಕೂ ಮೊದಲು ಫೈಲು ತೆರೆದು, ಎಲ್ಲ ಪದರಗಳನ್ನೂ ಒಂದೇ ಆಗಿಸುವ ಆಜ್ಞೆ ಕೊಟ್ಟೆ. ಮತ್ತೆ ಬೇರ್ಪಡಿಸಲಾಗದು, ಖಚಿತವೇ ಎಂದು ಟ್ಯಾಬ್ಲೆಟ್ ಕೇಳಿತು. ಖಚಿತ ಎಂದೆ. ಆಗಲೇ ಕಂಡದ್ದು, ಜಾಕೆಟ್ಟಿನ ಒಂದು ಗುಂಡಿ ಕೊಂಚ ವಾರೆ. ಇರಲಿ. ಹಳೆಯ ಫೈಲನ್ನೂ ಅಳಿಸಿದೆ. ಇನ್ನು ಆ ಜಾಕೆಟ್ ತೆಗೆಯಬೇಕೆನ್ನುವವರು ಅದರಡಿಯ ಹೆಣ್ಣನ್ನು ಮೊದಲಿಂದ ತಾವೇ ಬರೆಯಬೇಕು. ಮಾವನಿಗೆ ಚಿತ್ರ ಕಳಿಸಿ ಸ್ಟೇಷನ್ನಿಗೆ ಹೊರಟೆ.