ಕಪ್ಪಗಾದರೆ ಅಂಜಬೇಡ

ಅಣ್ಣನ ಹೊಟ್ಟೆನೋವಿಗೆ ನಮ್ಮ ಮನೆಯಲ್ಲಿ ಪಿತ್ತ ಎಂದೇ ಹೆಸರು. ಕುರನೂರಿನ ಹೊಲದಲ್ಲಿ ಕಬ್ಬಿಗೆ ನೀರು ಬಿಡುತ್ತ ನಿಂತಲ್ಲೇ ಅಂಗಿಯ ಕಿಸೆಯಿಂದ ಸೋಡಾದ ಪುಡಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಶೇಂಗಾ ಚಟ್ನಿ ಬಿಟ್ಟ, ಚಹಾ ಬಿಟ್ಟ. ನೋವು ಮಾತ್ರ ಅವನನ್ನು ಬಿಡಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ನೋಡುತ್ತೇನೆ, ಅಂಗಿಯೊಳಗೆ ಮನುಷ್ಯನೇ ಇಲ್ಲ. ನಾನು ಸೊಲ್ಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವನು, ಬಾಯಿ ಜೋರು. ಹಬ್ಬ ಮುಗಿದ ಮರುದಿನವೇ ಬೈದು ಬೈದು ಜೀಪು ಹತ್ತಿಸಿದೆ.

ಅತ್ತಿಗೆಗೆ ನಾವು ವೈನಿ ಅನ್ನುತ್ತೇವೆ, ಮೈದುನನಾದ ನನಗೆ ಅವರು ಭಾವ್ಜಿ ಅನ್ನುತ್ತಾರೆ. ಹೊಸ್ತಿಲಲ್ಲಿ ನಿಂತಿದ್ದವರು, "ನನಗೂ ಹಿಂಗ ಉರೀತೈತ್ರಿ ಭಾವ್ಜಿ. ಎರಡ ವರ್ಷ ಆತು," ಅಂದರು.

"ಮದಲ ಇವಂದ ಮುಗೀಲಿ ವೈನಿ, ಆಮ್ಯಾಲ ನಿಮ್ದು ನೋಡೋಣು," ಅಂದೆ. ಜೀಪಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು.

ಸೊಲ್ಲಾಪುರದ ಡಾಕ್ಟರು ತುದಿಗೆ ಕ್ಯಾಮೆರಾ ಇದ್ದ ನಳಿಗೆಯನ್ನು ಗಂಟಲಿನಿಂದ ಇಳಿಸಿ ನೋಡಿದರು. ಹೊಟ್ಟೆಯೊಳಗೆ ಹುಣ್ಣಾಗಿತ್ತು. ಅದಕ್ಕೆ ಕಾರಣ ಚಟ್ನಿಯ ಖಾರ ಅಲ್ಲವಂತೆ, ಒಂದು ಬ್ಯಾಕ್ಟೀರಿಯಾ. ಹೊಟ್ಟೆಯ ಆಮ್ಲಕ್ಕೂ ಸಾಯದೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಎಷ್ಟೋ ಜನಕ್ಕೆ ಚಿಕ್ಕವರಿದ್ದಾಗ ಮನೆಯವರಿಂದಲೇ ಬಂದಿರುತ್ತದೆ ಅಂದರು. ಹದಿನಾಲ್ಕು ದಿನ ಗುಳಿಗೆ, ಒಂದು ಹೊತ್ತೂ ತಪ್ಪುವಂತಿಲ್ಲ. ಅದರಲ್ಲಿ ಒಂದು ಗುಳಿಗೆಯಿಂದ ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಆದರೆ ಡಾಂಬರಿನ ಹಾಗೆ ಅಂಟಿದರೆ, ಕೆಟ್ಟ ನಾತ ಬಂದರೆ, ತಲೆ ತಿರುಗಿದರೆ ಅದು ರಕ್ತ, ಹೊರಟು ಬಂದುಬಿಡಿ ಅಂದರು.

ಅಣ್ಣ ಆಗ ಹೊರಗೆ ಬಾಕಿನ ಮೇಲೆ ಕೂತಿದ್ದ. ಅವನಿಗೆ ನಾನು ಅರ್ಧವನ್ನೇ ಹೇಳಿದೆ. ರಕ್ತ ಅಂದರೆ ಇವನು ಗುಳಿಗೆ ಮುಟ್ಟಲಿಕ್ಕಿಲ್ಲ ಎಂಬುದು ನನ್ನ ಶಾಣ್ಯಾತನ.

"ಕಪ್ಪಗಾದ್ರ ಅಂಜಬ್ಯಾಡ. ಗುಳಿಗಿ ಕೆಲಸ ಮಾಡಾಕತ್ತೈತಿ ಅಂತ ತಿಳಕೋ," ಅಂದೆ.

ಹತ್ತನೆಯ ದಿನ ಅವನ ಫೋನು ಬಂತು. ಅಂಗಡಿಯಲ್ಲಿ ಮದುವೆ ಜವಳಿಯವರು ಕೂತಿದ್ದರು, ನನ್ನ ಮುಂದೆ ಸೀರೆಗಳ ರಾಶಿ.

"ತಮ್ಮಾ, ಭಾಳ ಕಪ್ಪಗ ಹೊಂಟೈತೋ. ಅಂಟಂಟ ಆಗೈತಿ. ಕೈಕಾಲಾಗ ಬಲಾನ ಇಲ್ಲ."

"ಎಷ್ಟ ಸಲ ಹೇಳ್ಬೇಕೋ ನಿನಗ? ಅದು ಗುಳಿಗಿದು. ಸುಮ್ಮ ನುಂಗು!"

"ಹೂಂ, ಹಂಗಾದ್ರ ಬಿಡು," ಅಂದು ಫೋನಿಟ್ಟ. ಅವನು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಎರಡು ದಿನಕ್ಕೆ ಬದುವಿನ ಮೇಲೆ ಕುಸಿದು ಬಿದ್ದ. ಅಕ್ಕಲಕೋಟದ ದವಾಖಾನೆಗೆ ನಾನು ಮುಟ್ಟುವಷ್ಟರಲ್ಲಿ ಅವನಿಗೆ ಎಚ್ಚರವಿರಲಿಲ್ಲ, ತುಟಿ ಪೂರಾ ಬೆಳ್ಳಗಾಗಿತ್ತು. ಮಲ ಯಾವ ಬಣ್ಣ ಇತ್ತು ಎಂದು ಅಲ್ಲಿಯ ಡಾಕ್ಟರು ಕೇಳಿದರು. ಕಪ್ಪು, ಹನ್ನೆರಡು ದಿನದಿಂದ ಗುಳಿಗೆ ನಡೆದಿದೆಯಲ್ಲ ಎಂದು ಆಗಲೂ ನಾನೇ ಮುಂದೆ ನುಗ್ಗಿ ಉತ್ತರ ಕೊಟ್ಟೆ. ಥೂ ನನ್ನ ಬಾಯಿಗೆ!

ವೈನಿ ಗೋಡೆ ಹಿಡಿದು ನಿಂತಿದ್ದರು. "ಇಲ್ರಿ," ಅಂದರು. "ಅವರು ನಾಕ ದಿನ ಅಷ್ಟ ತೊಗೊಂಡ್ರು. ನೋವು ನಿಂತೈತಿ, ಉಳದದ್ದು ನೀ ನುಂಗು, ನಿನಗೂ ಉರೀತೈತಲ್ಲ ಅಂತ ನನಗ ಕೊಟ್ರು. ತಮ್ಮ ಬೈತಾನಂತ ಅವರಿಗೆ ಹೇಳ್ಲಿಲ್ಲ. ನನಗೂ ಕಪ್ಪಗ ಹೊಂಟಿತ್ರಿ. ಇಬ್ಬರಿಗೂ ಒಂದ ನಮೂನಿ ಐತಿ, ಏನೂ ಆಗೂದಿಲ್ಲ ಅಂತ ಸುಮ್ಮನಿದ್ವಿ."

ಅವರದು ಗುಳಿಗೆಯ ಕಪ್ಪು. ಅಣ್ಣನದು ರಕ್ತ, ಹುಣ್ಣಿನಿಂದ ದಿನವೂ ಸೋರಿ ಹೋದ ರಕ್ತ. ಒಂದೇ ಮನೆಯಲ್ಲಿ ಗಂಡ ಹೆಂಡತಿ ಎರಡನ್ನೂ ನೋಡಿ ಅಂಜದೆ ಕೂತಿದ್ದರು, ನಾನು ಹಾಗೆ ಹೇಳಿದ್ದೆ ಎಂದು. ವೈನಿಯನ್ನು ಆವತ್ತು ಜೀಪಿನಲ್ಲಿ ಕೂರಿಸಿಕೊಂಡಿದ್ದರೆ ಅವರ ಗುಳಿಗೆ ಅವರಿಗೆ ಸಿಗುತ್ತಿತ್ತು, ಅವನದು ಅವನ ಹೊಟ್ಟೆಗೆ ಹೋಗುತ್ತಿತ್ತು. ಸೊಲ್ಲಾಪುರಕ್ಕೆ ಒಯ್ಯುವಾಗ ಆಂಬುಲೆನ್ಸಿನಲ್ಲೇ ಅಣ್ಣ ಹೋದ.

ದಿನಕರ್ಮ ಮುಗಿದ ಮೇಲೆ ವೈನಿಯನ್ನು ಅದೇ ಡಾಕ್ಟರ ಬಳಿ ಕರೆದೊಯ್ದೆ. ಅವರ ಹೊಟ್ಟೆಯಲ್ಲೂ ಅದೇ ಬ್ಯಾಕ್ಟೀರಿಯಾ, ಅರ್ಧಂಬರ್ಧ ಗುಳಿಗೆಗೆ ಸತ್ತಿರಲಿಲ್ಲ. ಮತ್ತೆ ಹೊಸ ಗುಳಿಗೆ, ಮತ್ತೆ ಹದಿನಾಲ್ಕು ದಿನ. ಈ ಸಲ ಡಾಕ್ಟರು ಹೇಳಿದ್ದನ್ನೆಲ್ಲ ವೈನಿಗೆ ಹೇಳಿದೆ, ವೈನಿಯ ಬಾಯಿಂದ ಎರಡೆರಡು ಸಲ ಹೇಳಿಸಿದೆ.

ಐದನೆಯ ದಿನ ಫೋನು.

"ಭಾವ್ಜಿ, ಕಪ್ಪಗ ಆಗೈತ್ರಿ. ಅಂಟೂದಿಲ್ಲ, ನಾತಿಲ್ಲ. ಗುಳಿಗಿದಽ ಇರ್ಬೇಕು. ಅಂಜೂದು ಬ್ಯಾಡ ಹೌದಲ್ರಿ?"

ಹೌದು ಅನ್ನಬೇಕಿತ್ತು. ಕೈಲಿದ್ದ ಸೀರೆ ಮಡಚದೆ ಬಿಟ್ಟು ಚಪ್ಪಲಿ ಹುಡುಕಿದೆ.

"ಭಾವ್ಜಿ? ಅದೀರಿಲ್ಲೋ?"

"ಬರಾಕತ್ತೀನಿ ವೈನಿ," ಅಂದೆ. ಗಿರಾಕಿಗಳನ್ನು ಎಬ್ಬಿಸಿ ಅಂಗಡಿಯ ಬಾಗಿಲು ಎಳೆದೆ. ಅವರದು ಗುಳಿಗೆಯದೇ ಕಪ್ಪು ಎಂದು ಅಲ್ಲಿಗೆ ಹೋದ ಮೇಲೆ ಖಾತ್ರಿಯಾಯಿತು. ಆದರೂ ಮರುದಿನ ಮತ್ತೆ ಹೋದೆ, ಹದಿನಾಲ್ಕು ದಿನ ತುಂಬುವವರೆಗೆ ದಿನಾಲೂ ಹೋದೆ. ಅಂಜಬೇಡಿ ಎಂದು ಒಂದು ದಿನವೂ ಅನ್ನಲಾಗಲಿಲ್ಲ.