ಅಕ್ಕಿ ಬೇಡವೆಂದ ಶಾಲೆ

ಆನವಟ್ಟಿಯಿಂದ ಶಿಕಾರಿಪುರದ ಮನೆಗೆ ಹಿಂತಿರುಗುವ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಆ ಊರ ಶಾಲೆಯ ಮೇಷ್ಟರ ಸಂಬಳ ನಡೆಯುತ್ತಿದ್ದುದೇ ಮನೆಮನೆಯ ಹಿಡಿಯಕ್ಕಿಯಿಂದ. ನಾನೂ ದಿನಾ ಅನ್ನಕ್ಕಿಡುವ ಮುನ್ನ ಶಿವನನ್ನು ನೆನೆದು ಒಂದು ಹಿಡಿ ತೆಗೆದಿಡುತ್ತಿದ್ದೆ. ಮಕ್ಕಳಿಲ್ಲದ ಒಂಟಿ ಹೆಂಗಸು ನಾನು. ತಿಂಗಳಿಗೊಮ್ಮೆ ಚೀಲ ಹೊತ್ತು ತವರೂರಿನ ಆ ಶಾಲೆಗೆ ಹೋದರೆ ಮಕ್ಕಳೆಲ್ಲ ಎದ್ದು ನಿಂತು ಕೈಮುಗಿಯುತ್ತಿದ್ದರು.

ಇವತ್ತು ಮೇಷ್ಟರು ಚೀಲ ಮುಟ್ಟಲಿಲ್ಲ.

“ಶಾಲೆ ಸರ್ಕಾರದ್ದಾಯ್ತು ತಾಯಿ, ಸಂಬಳ ಅಲ್ಲಿಂದ್ಲೇ ಬರ್ತೈತಿ. ಇನ್ನು ಹೊತ್ಕಂಡು ಬರಬ್ಯಾಡ್ರಿ” ಎಂದರು. ಮಕ್ಕಳು ಕೂತಲ್ಲೇ ಮಗ್ಗಿ ಹೇಳುತ್ತಿದ್ದರು.

ನಿಲ್ದಾಣದಲ್ಲಿ ಮಗಳೊಡನೆ ಕುಳಿತಿದ್ದ, ಪಾತ್ರೆಗೆ ಕಲಾಯಿ ಹಾಕುವ ಸಾಬರ ಹೆಂಡತಿಯ ಮುಂದೆ ಇದನ್ನು ಹೇಳಿಕೊಂಡೆ.

“ಒಳ್ಳೇದಾತು ಬಿಡ್ರೀ ಅಕ್ಕಾ! ಅಕ್ಕಿ ಕೊಟ್ಟೋರ್ಗೆಲ್ಲ ಎದ್ದು ನಿಂತೂ ನಿಂತೂ ಇವಳ ಕಾಲು ನೋಯ್ತಿದ್ವು. ಅದ್ಕೇ ಸಾಲಿ ಬಿಡಿಸಿದ್ದೆ. ಈಗ ಮತ್ತೆ ಹೋಗ್ತಾಳೆ. ಸರ್ಕಾರಕ್ಕೆ ನಾವೂ ಕಂದಾಯ ಕಟ್ಟೋರಲ್ವೇನ್ರೀ?”

ನಾನು ಹೋಗುತ್ತಿದ್ದುದು ಅಕ್ಕಿ ಕೊಡಲಿಕ್ಕೋ, ಆ ನಮಸ್ಕಾರಕ್ಕೋ, ಶಿವನೇ ಬಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಹುಡುಗಿ ನನ್ನ ಸೆರಗು ಜಗ್ಗಿ, ಬಸ್ಸಿನ ಹಲಗೆಯತ್ತ ಬೆರಳು ತೋರಿಸಿ, “ಶಿ… ಕಾ… ರಿ… ಪು… ರ. ನಿಮ್ದೇ ಬಸ್ಸು, ಅಮ್ಮಾ” ಎಂದಳು.

ನನಗೂ ಓದು ಬರುತ್ತದೆ. ಆದರೂ ಅವಳು ಕೊನೆಯ ಅಕ್ಷರ ಮುಗಿಸಿದ ಮೇಲೆಯೇ ಎದ್ದೆ.